ತಪ್ಪು ಹಿಡಿಯುವ ಕಿವಿ ಯಾರದು?

ಬೆಳಗಾವಿಯಲ್ಲಿ ಕೀಬೋರ್ಡ್ ನುಡಿಸುವವರನ್ನು ಜನ ಎರಡು ಪಂಕ್ತಿಯಲ್ಲಿ ಕೂರಿಸಿಬಿಟ್ಟಿದ್ದಾರೆ. ಒಂದರಲ್ಲಿ ‘ಶಾಸ್ತ್ರೀಯವಾಗಿ ಕಲಿತವರು’, ಇನ್ನೊಂದರಲ್ಲಿ ‘ತಾವಾಗಿಯೇ ಕಲಿತವರು’. ಮೊದಲ ಪಂಕ್ತಿಗೆ ಮರ್ಯಾದೆ ಹೆಚ್ಚು, ಎರಡನೆಯದಕ್ಕೆ ಕಾರ್ಯಕ್ರಮ ಹೆಚ್ಚು. ಗಣೇಶೋತ್ಸವದ ರಸಮಂಜರಿಗೆ, ಮದುವೆಮನೆಯ ಆರ್ಕೆಸ್ಟ್ರಾಕ್ಕೆ, ಖಾನಾಪುರದ ಕಡೆಯ ಭಜನಾ ಸ್ಪರ್ಧೆಗೆ ಕರೆ ಬರುವುದು ಬಹುಪಾಲು ಎರಡನೆಯವರಿಗೆ. ಮಗಳನ್ನು ಕ್ಲಾಸಿಗೆ ಹಾಕುವಾಗ ತಂದೆತಾಯಿ ಹುಡುಕುವುದು ಮಾತ್ರ ಮೊದಲನೆಯವರನ್ನು. ‘ಪುಸ್ತಕ ಮುಚ್ಚಿದರ ಅವರ ಕೈ ಓಡೂದಿಲ್ಲ’ ಎಂದು ತಾವಾಗಿ ಕಲಿತವರು, ‘ಬಟನ್ ಒತ್ತೋದನ್ನ ನುಡಿಸೋದು ಅಂತ ತಿಳಕೊಂಡಾರ’ ಎಂದು ಶಾಸ್ತ್ರೀಯದವರು ಆಡಿಕೊಳ್ಳುವುದು ಇಲ್ಲಿ ಮಾಮೂಲು.

ಈ ಪಂಕ್ತಿಭೇದದ ಅಳತೆಗೋಲೇ ತಪ್ಪು ಎಂಬುದು ನನ್ನ ವಾದ. ಕಾರಣ ಎರಡು. ಮೊದಲನೆಯದು, ಒಂದು ಶೈಲಿಯಲ್ಲಿ ಪಳಗಿದವನು ಇನ್ನೊಂದು ಶೈಲಿಗೆ ಬಂದ ಕೂಡಲೇ ಹೊಸಬನಾಗುತ್ತಾನೆ. ಹಾಗಾಗಿ ‘ಕಲಿತವನು’ ಎಂಬ ಬಿರುದು ಎಲ್ಲ ಕಡೆಯೂ ಸಲ್ಲುವ ನಾಣ್ಯವಲ್ಲ. ಎರಡನೆಯದು ಇನ್ನೂ ಮುಖ್ಯ: ಕಲಾವಿದನನ್ನು ಬೆಳೆಸುವುದು ಅವನು ಎಲ್ಲಿ ಕಲಿತ ಎಂಬುದಕ್ಕಿಂತ ಹೆಚ್ಚಾಗಿ, ಅವನು ತಪ್ಪಿದಾಗ ಹಿಡಿಯುವವರು ಯಾರಿದ್ದರು ಎಂಬುದು. ತಪ್ಪು ಹಿಡಿಯುವವರಿದ್ದಲ್ಲಿ ಗುರುವಿಲ್ಲದವನೂ ಬೆಳೆದಿದ್ದಾನೆ. ಇಲ್ಲದಲ್ಲಿ ಪ್ರಮಾಣಪತ್ರ ಪಡೆದವನೂ ನಿಂತಲ್ಲೇ ನಿಂತಿದ್ದಾನೆ.

ಮೊದಲು ‘ಶಾಸ್ತ್ರೀಯ’ವನ್ನೇ ನೋಡೋಣ. ಈ ಊರಿನಲ್ಲಿ ಆ ಮಾತಿಗೆ ಮೊದಲು ನೆನಪಾಗುವುದು ಪೇಟಿ, ಅಂದರೆ ಹಾರ್ಮೋನಿಯಂ. ಕಾಗವಾಡದಲ್ಲಿ 1917ರಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಬಾಳಿ, 2010ರಲ್ಲಿ ತೀರಿಕೊಂಡ ಪಂಡಿತ ರಾಮಭಾವು ಬಿಜಾಪುರೆ ಆ ಪರಂಪರೆಯ ದೊಡ್ಡ ಹೆಸರು. ಅವರು ರಾಮಕೃಷ್ಣಬುವಾ ವಝೆ ಅವರಲ್ಲಿ ಗಾಯನವನ್ನೂ ಕಲಿತವರು. ಗಾಯಕ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ, ಯಾವ ಸ್ವರದ ಮೇಲೆ ನಿಲ್ಲಲಿದ್ದಾನೆ ಎಂಬುದು ಹಾಡಿ ಬಲ್ಲವರಿಗೆ ಮುಂಚೆಯೇ ತಿಳಿಯುತ್ತದೆ. ಅವರ ಸಾಥ್‌ಗೆ ಬಂದ ಹದ ಅಲ್ಲಿಯದು. ಶ್ರೀರಾಮ ಸಂಗೀತ ಮಹಾವಿದ್ಯಾಲಯದಲ್ಲಿ ಅವರ ಕೈಕೆಳಗೆ ತಯಾರಾದವರು ಇಂದು ಹಲವು ಊರುಗಳಲ್ಲಿ ಪೇಟಿ ಹಿಡಿದು ಕೂತಿದ್ದಾರೆ.

ಇದೇ ಪೇಟಿಯನ್ನು ಆಕಾಶವಾಣಿ 1940ರಲ್ಲಿ ಹೊರಗೆ ಹಾಕಿತ್ತು. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ ಬಾರದು, ಶ್ರುತಿ ನಮ್ಮದಲ್ಲ, ವಾದ್ಯವೇ ಪರದೇಶಿ ಎಂಬುದು ಆಪಾದನೆ. ಯುರೋಪಿನಲ್ಲಿ 1840ರ ದಶಕದ ಹೊತ್ತಿಗೆ ರೂಪುಗೊಂಡು, ಕಲ್ಕತ್ತೆಯ ದ್ವಾರಕಾನಾಥ ಘೋಷರ ಕೈಯಲ್ಲಿ ನೆಲದ ಮೇಲೆ ಕೂತು ನುಡಿಸುವ ವಾದ್ಯವಾದ ಪೇಟಿಗೆ ಬಾನುಲಿಯ ಬಾಗಿಲು ಮತ್ತೆ ತೆರೆಯತೊಡಗಿದ್ದು 1971ರಲ್ಲಿ. ಆ ನಿಷೇಧ ಶುರುವಾದಾಗ ಬಿಜಾಪುರೆಯವರಿಗೆ 23 ವರ್ಷ, ಸಡಿಲವಾದಾಗ 54. ಅಂದರೆ ಒಬ್ಬ ಕಲಾವಿದನ ಕೈ ತುಂಬ ಚುರುಕಾಗಿರುವ ಮೂರು ದಶಕ ಅವರ ವಾದ್ಯ ‘ಅಶಾಸ್ತ್ರೀಯ’ ಎನ್ನಿಸಿಕೊಂಡಿತ್ತು. ಇವತ್ತು ಕೀಬೋರ್ಡನ್ನು ನೋಡಿ ಮೂಗು ಮುರಿಯುವ ಪೇಟಿಯವರು ತಮ್ಮ ಗುರುಗಳ ಈ ಚರಿತ್ರೆಯನ್ನು ನೆನೆಯಬೇಕು. ಮೀಂಡ, ಶ್ರುತಿ, ಪರದೇಶಿ ಎಂದು ಅವರು ಈಗ ಹೊರಿಸುವ ಆರೋಪಗಳು ಅಂದು ಅವರ ವಾದ್ಯದ ಮೇಲೆಯೇ ಇದ್ದವು.

ಎರಡನೆಯ ‘ಶಾಸ್ತ್ರೀಯ’ ಇರುವುದು ಕ್ಯಾಂಪ್ ಪ್ರದೇಶದಲ್ಲಿ. ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರ ಇರುವ ಊರು ಇದು. ಮಿಲಿಟರಿ ಬ್ಯಾಂಡಿನವರು ಐದು ಗೆರೆಯ ಸ್ಟಾಫ್ ನೊಟೇಶನ್ ಓದಿ ನುಡಿಸುವವರು. ಪಕ್ಕದಲ್ಲೇ ಚರ್ಚುಗಳು, ಅವುಗಳ ಕ್ವಾಯರ್, ಟ್ರಿನಿಟಿ ಕಾಲೇಜಿನ ಪಾಶ್ಚಾತ್ಯ ಸಂಗೀತದ ಗ್ರೇಡ್ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುವ ಪಿಯಾನೋ ಟೀಚರುಗಳು. ಇನ್ನು ಖಾನಾಪುರ, ನಂದಗಡ, ಲೋಂಡಾದ ಕಡೆ ಹೋದರೆ ಗೋವೆಯ ಗಾಳಿ ತಟ್ಟುತ್ತದೆ. ಗೋವೆಯ ಪ್ಯಾರಿಷ್ ಶಾಲೆಗಳಲ್ಲಿ ಅಕ್ಷರದ ಜೊತೆಗೆ ಸ್ವರಲಿಪಿಯನ್ನೂ ಪಿಟೀಲನ್ನೂ ಕಲಿಸುವ ಪದ್ಧತಿ ಪೋರ್ಚುಗೀಸರ ಕಾಲದ್ದು. ಮುಂಬಯಿಯ ಹಿಂದಿ ಚಿತ್ರಸಂಗೀತಕ್ಕೆ ವಾದ್ಯಮೇಳದ ವ್ಯಾಕರಣ ಕೊಟ್ಟ ಆಂಥನಿ ಗೊನ್ಸಾಲ್ವಿಸ್, ಸೆಬಾಸ್ಟಿಯನ್ ಡಿಸೋಜಾ ಮೊದಲಾದ ಗೋವನ್ನರ ಹಿಂದೆ ಇದ್ದದ್ದು ಇಂಥ ಓದುಬರಹ. ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿದರೆ ಆ ಲೋಕ. ಘಾಟಿನ ಈಚೆ ಅದರ ಸೆರಗು ನಮ್ಮ ಕೊಂಕಣಿ ಕ್ರೈಸ್ತರ ಮನೆಗಳಲ್ಲಿದೆ.

ಹೀಗೆ ಇಪ್ಪತ್ತೈದು ಕಿಲೋಮೀಟರಿನ ಅಂತರದಲ್ಲಿ ಎರಡು ಶಾಸ್ತ್ರೀಯಗಳಿವೆ, ಎರಡಕ್ಕೂ ಪರಸ್ಪರ ಪರಿಚಯ ಕಡಿಮೆ. ಗಾಂಧರ್ವ ಮಹಾವಿದ್ಯಾಲಯ ಮಂಡಳದ ವಿಶಾರದ ಮುಗಿಸಿದ ಪೇಟಿವಾದಕನ ಮುಂದೆ ನಾಲ್ಕು ಧ್ವನಿಯ ಸ್ತೋತ್ರಗೀತೆಯ ಹಾಳೆ ಇಟ್ಟರೆ ಅವನಿಗೆ ಅದು ಬೇರೆ ಲಿಪಿ. ಗ್ರೇಡ್ ಎಂಟು ಮುಗಿಸಿದ ಪಿಯಾನೋ ವಿದ್ಯಾರ್ಥಿನಿಗೆ ವಿಲಂಬಿತ ಏಕತಾಲದ ಖಯಾಲ್‌ಗೆ ಸಾಥ್ ಮಾಡು ಎಂದರೆ ತಾಳದ ಮೊದಲ ಮಾತ್ರೆಯಾದ ಸಮ್ ಎಲ್ಲಿ ಬರುತ್ತದೆ ಎಂಬುದೇ ತಿಳಿಯದು. ಇಬ್ಬರೂ ಕಲಿತವರೇ. ಆ ಕ್ಷಣದಲ್ಲಿ ಇಬ್ಬರೂ ಹೊಸಬರೇ.

ಇನ್ನು ‘ತಾವಾಗಿ ಕಲಿತವರು’. ಇವರೂ ಬಯಲಿನಲ್ಲಿ ಒಂಟಿಯಾಗಿ ಬೆಳೆದವರಲ್ಲ. ಸವದತ್ತಿ ತಾಲೂಕಿನ ಏಣಗಿಯಿಂದ ಬಂದ ಏಣಗಿ ಬಾಳಪ್ಪನವರಂಥವರು ಕಟ್ಟಿದ ಕಂಪನಿ ನಾಟಕಗಳಲ್ಲಿ ಪೇಟಿ ಮಾಸ್ತರ ಎಂಬುವನೊಬ್ಬ ಇರುತ್ತಿದ್ದ. ನಟ ಸಾಲು ಮರೆತರೆ ಸ್ವರ ಹಿಡಿದು ನಿಲ್ಲಿಸುವವನು, ಒನ್ಸ್ ಮೋರ್ ಬಂದರೆ ಪಲ್ಲವಿಗೆ ಮರಳಿಸುವವನು ಅವನೇ. ಹಳ್ಳಿಯ ಭಜನಾ ಮಂಡಳಿಗಳಲ್ಲಿ, ಖಾನಾಪುರದ ಮರಾಠಿ ಊರುಗಳ ಹರಿನಾಮ ಸಪ್ತಾಹ ಮತ್ತು ಜ್ಞಾನೇಶ್ವರಿ ಪಾರಾಯಣಗಳಲ್ಲಿ, ಗಣಪತಿ ಮೆರವಣಿಗೆಯ ಬೆಂಜೋ ಪಾರ್ಟಿಗಳಲ್ಲಿ ಹುಡುಗರು ಹಿರಿಯರ ಪಕ್ಕ ಕೂತು ಬೆರಳು ನೋಡಿ ಕಲಿತರು. ಜಪಾನಿನ ತಾಯಿಶೋಗೋತೋದ ವಂಶಸ್ಥ ಈ ಬೆಂಜೋ. ಟೈಪ್‌ರೈಟರಿನಂಥ ಕೀಲಿ ಒತ್ತಿ ತಂತಿ ಮೀಟುವ ವಾದ್ಯ. ಅದರ ಮೇಲೆ ಹಾಡಿನ ಧಾಟಿ ತೆಗೆಯಬಲ್ಲ ಹುಡುಗನಿಗೆ ಕೀಬೋರ್ಡ್ ಹೊಸ ವಾದ್ಯ ಎನ್ನಿಸಲೇ ಇಲ್ಲ.

ಆಮೇಲೆ ಅಗ್ಗದ ಕೀಬೋರ್ಡ್ ಬಂತು. ಕ್ಯಾಸಿಯೋ ತನ್ನ ಮೊದಲ ಕ್ಯಾಸಿಯೋಟೋನ್ ಹೊರತಂದದ್ದು 1980ರಲ್ಲಿ. ಯಮಹಾದ ಡಿಎಕ್ಸ್7 ಮತ್ತು ವಾದ್ಯಗಳನ್ನು ಒಂದಕ್ಕೊಂದು ಜೋಡಿಸುವ ಮಿಡಿ ಪದ್ಧತಿ ಬಂದದ್ದು 1983ರಲ್ಲಿ. ಹಂಸಲೇಖ ಅವರ ‘ಪ್ರೇಮಲೋಕ’ದ ಹಾಡುಗಳು 1987ರಲ್ಲಿ ಮನೆಮನೆ ಹೊಕ್ಕ ಮೇಲೆ ಕೀಬೋರ್ಡ್ ಇಲ್ಲದ ಆರ್ಕೆಸ್ಟ್ರಾ ಆರ್ಕೆಸ್ಟ್ರಾ ಅನ್ನಿಸಿಕೊಳ್ಳದಾಯಿತು. ತಬಲಾ, ಢೋಲಕ್ ಠೇಕಾಗಳನ್ನು ಒಳಗೇ ಇಟ್ಟುಕೊಂಡ ಭಾರತೀಯ ಮಾದರಿಗಳು ಮುಂದೆ ಬಂದವು. ಮಲೆನಾಡಿನ ಅಂಚಿನ ಖಾನಾಪುರಕ್ಕೆ ಇನ್ನೊಂದು ಅನುಕೂಲವೂ ಇತ್ತು: ಮಳೆಗಾಲದ ಥಂಡಿಗೆ ಪೇಟಿಯ ರೀಡು ಕಿಲುಬು ಹಿಡಿದು ಸ್ವರ ಬಿಡುತ್ತದೆ, ಕೀಬೋರ್ಡಿನ ಶ್ರುತಿ ಜೂನ್‌ನಲ್ಲೂ ಡಿಸೆಂಬರ್‌ನಲ್ಲೂ ಅದೇ.

ಈಗ ಈ ಎಲ್ಲರನ್ನೂ ಒಂದೇ ವಾದ್ಯದ ಮುಂದೆ ಕೂರಿಸಿ, ಶೈಲಿ ಬದಲಿಸುತ್ತ ನೋಡಬೇಕು.

ರಸಮಂಜರಿಯಿಂದ ಶುರು ಮಾಡೋಣ. ಹಾಡಿನ ಪಟ್ಟಿ ಸಂಜೆ ಕೈಗೆ ಬರುತ್ತದೆ, ರಿಹರ್ಸಲ್ ಇಲ್ಲ. ಮೈಕಿನ ಮುಂದೆ ನಿಂತ ಗಾಯಕಿ ತಿರುಗಿ, ‘ಮಾಸ್ತರ್ರ, ಗಂಟ್ಲ ಕಟ್ಟೇತಿ, ಅರ್ಧ ಪಟ್ಟಿ ಇಳಸ್ರಿ’ ಎಂದು ಶ್ರುತಿ ತಗ್ಗಿಸಲು ಹೇಳುತ್ತಾಳೆ. ಇತ್ತ ಆಕ್ಟೋಪ್ಯಾಡಿನವ ಆಗಲೇ ಎಣಿಕೆ ಹಾಕಿರುತ್ತಾನೆ. ಕೇಳಿ ಕಲಿತವನ ಕೈ ಟ್ರಾನ್ಸ್‌ಪೋಸ್ ಬಟನ್ನಿಗೆ ಹೋಗಿ ಬರುವುದು ಕಣ್ಣಿಗೆ ಕಾಣುವುದಿಲ್ಲ. ಹಾಡಿನ ನಡುವಿನ ಬಿಟ್‌ಗಳು, ಪಿಟೀಲು ಯಾವುದು, ಕೊಳಲು ಯಾವುದು, ಯಾವ ಕ್ಷಣಕ್ಕೆ ದನಿ ಬದಲಿಸಬೇಕು, ಎಲ್ಲ ಅವನ ತಲೆಯಲ್ಲಿವೆ. ಹಾಳೆಯಲ್ಲಿ ಏನೂ ಇಲ್ಲ. ಗಾಯಕಿ ಒಂದು ಸಾಲು ಹಾರಿಸಿದರೆ ಅವಳ ಹಿಂದೆಯೇ ಹಾರುತ್ತಾನೆ. ಪರೀಕ್ಷೆ ಪಾಸಾದ ಎಷ್ಟೋ ಮಂದಿ ಇಲ್ಲಿ ತಡವರಿಸುತ್ತಾರೆ. ತಡವರಿಸುವುದಕ್ಕೆ ಕಾರಣ ಪ್ರತಿಭೆಯ ಕೊರತೆಯಲ್ಲ. ಯಾವ ಪರೀಕ್ಷಕನೂ ಅವರ ಪ್ರಶ್ನೆಪತ್ರಿಕೆಯನ್ನು ನಡುವೆ ಬದಲಿಸಿರಲಿಲ್ಲ.

ಅದೇ ಬಟನ್ ಇವನ ಕುಂದನ್ನೂ ಬಯಲಿಗೆ ಎಳೆಯುತ್ತದೆ. ಎಲ್ಲ ಹಾಡನ್ನೂ ಬಿಳಿ ಒಂದರಲ್ಲೇ, ಅಂದರೆ ಸಿ ಪಟ್ಟಿಯಲ್ಲೇ ನುಡಿಸಿ ರೂಢಿಯಾದವನು ಪರದೆಯ ಮೇಲೆ ಎರಡು ಅರ್ಧಸ್ವರ ಏರಿಸಿ ಕೂತಿರುತ್ತಾನೆ. ಹೊಸ ಗಿಟಾರ್‌ನವನು ‘ಯಾವ ಪಟ್ಟಿ?’ ಎಂದು ಕೇಳುತ್ತಾನೆ. ಇವನು ತನ್ನ ಬೆರಳು ನೋಡಿ ‘ಬಿಳಿ ಒಂದು’ ಎನ್ನುತ್ತಾನೆ. ಸ್ಪೀಕರಿನಲ್ಲಿ ಕೇಳುತ್ತಿರುವುದು ಬಿಳಿ ಎರಡು. ಗಿಟಾರ್ ಸಿ ಹಿಡಿಯುತ್ತದೆ, ಕೀಬೋರ್ಡ್ ಡಿ ಕೂಗುತ್ತದೆ, ಮೊದಲ ಸಾಲಿನಲ್ಲೇ ಎರಡೂ ಹೊಡೆದಾಡುತ್ತವೆ. ಬಟನ್ ಇದ್ದದ್ದರಿಂದ ಹನ್ನೆರಡು ಪಟ್ಟಿಗಳಲ್ಲಿ ಬೆರಳು ಓಡಿಸುವ ಕಷ್ಟ ಅವನಿಗೆ ಬರಲೇ ಇಲ್ಲ. ಬಾರದ ಕಷ್ಟದಿಂದ ಬರಬೇಕಾದ ತಿಳಿವಳಿಕೆಯೂ ಬರಲಿಲ್ಲ. ಕರಿ ನಾಲ್ಕರಲ್ಲಿ ಹಾಡುವ ಹೆಣ್ಣುಮಗಳಿಗೂ ಕರಿ ಒಂದರಲ್ಲಿ ಹಾಡುವ ಗಂಡಸಿಗೂ ಪೇಟಿಯ ಮೇಲೆ ಬೆರಳಿನ ಹಾದಿಯನ್ನೇ ಬದಲಿಸಿ ಸಾಥ್ ಮಾಡಿದ ಹಳೆಯ ಮಾಸ್ತರನಿಗೆ ಈ ಗೊಂದಲ ಇರಲಿಲ್ಲ.

ಹಿಂದುಸ್ತಾನಿ ಸಂಗೀತಕ್ಕೆ ಬಂದರೆ ಕಥೆ ತಿರುವುಮುರುವು. ತಂಬೂರಿಯ ಖರ್ಜದ ತಂತಿಯಿಂದ ತಾನಾಗಿ ಏಳುವ ಗಾಂಧಾರಕ್ಕೂ ಕೀಬೋರ್ಡಿನ ಗಾಂಧಾರಕ್ಕೂ ವ್ಯತ್ಯಾಸವಿದೆ. ಅರ್ಧಸ್ವರವನ್ನು 100 ಸೆಂಟ್ ಎಂದು ಎಣಿಸಿದರೆ ಕೀಬೋರ್ಡಿನದು ಸುಮಾರು 14 ಸೆಂಟ್ ಮೇಲೆ. ಪೇಟಿ ಕಲಿತವನ ಕಿವಿಗೆ ಇದು ಚುಚ್ಚುತ್ತದೆ. ಅವನು ಗಾಂಧಾರದ ಮೇಲೆ ತಂಗುವುದಿಲ್ಲ, ಮುಟ್ಟಿ ಸರಿಯುತ್ತಾನೆ. ಅನೇಕ ಕೀಬೋರ್ಡುಗಳಲ್ಲಿ ಒಂದೊಂದು ಸ್ವರವನ್ನೂ ಸೆಂಟುಗಳ ಲೆಕ್ಕದಲ್ಲಿ ಇಳಿಸಿ ಏರಿಸುವ ಸೌಲಭ್ಯವಿದೆ. ಅದು ಇದೆ ಎಂದು ಗೊತ್ತಿರುವವನು ಸಾಮಾನ್ಯವಾಗಿ ಆರ್ಕೆಸ್ಟ್ರಾದ ಹುಡುಗ, ಅದು ಯಾಕೆ ಬೇಕು ಎಂದು ಗೊತ್ತಿರುವವನು ಪೇಟಿಯವನು. ಇಬ್ಬರೂ ಒಂದು ಸಂಜೆ ಜೊತೆಗೆ ಕೂತರೆ ಮುಗಿಯುವ ಕೆಲಸ ವರ್ಷಗಟ್ಟಲೆ ಹಾಗೇ ಉಳಿದಿದೆ.

ಮೀಂಡದ ಮಾತೂ ಅಷ್ಟೆ. ಕೀಬೋರ್ಡಿನ ಎಡತುದಿಯಲ್ಲಿ ಬೆಂಡ್ ಚಕ್ರ ಇರುತ್ತದೆ; ಸಾಮಾನ್ಯವಾಗಿ ಎರಡು ಅರ್ಧಸ್ವರದಷ್ಟು ಏರಿಸಿ ಇಳಿಸುವಂತೆ ಹೊಂದಿಸಿರುತ್ತಾರೆ. ಯಮನ್‌ನಲ್ಲಿ ಗಾಂಧಾರದಿಂದ ರಿಷಭಕ್ಕೆ ಜಾರಬೇಕೆಂದರೆ ಬಲಗೈ ರಿಷಭ ಒತ್ತಿ, ಎಡಗೈ ಚಕ್ರವನ್ನು ಪೂರ್ತಿ ಮೇಲೆ ಹಿಡಿದು ಗಾಂಧಾರ ಕೇಳಿಸಿ, ಮೆಲ್ಲನೆ ಬಿಡಬೇಕು. ಬೇಗ ಬಿಟ್ಟರೆ ಜಾರಿಕೆ ಜೋಲಿಯಾಗುತ್ತದೆ, ತಡವಾದರೆ ಬೇಸುರು. ಈ ಚಕ್ರದ ಮೇಲೆ ಕರ್ನಾಟಕ ಸಂಗೀತದ ಕಛೇರಿಯನ್ನೇ ಕಟ್ಟಿ ತೋರಿಸಿದವರು ಚೆನ್ನೈನ ಕೆ. ಸತ್ಯನಾರಾಯಣನ್. ಚಕ್ರ ತಿರುಗಿಸುವುದನ್ನು ಯಾವ ಹಳೆಯ ಗುರುವೂ ಹೇಳಿಕೊಟ್ಟಿರಲಾರ. ಎಷ್ಟು ತಿರುಗಿಸಿದರೆ ರಾಗ ಎಂಬುದು ಮಾತ್ರ ಪರಂಪರೆಯ ಕಿವಿಯಿಂದಲೇ ಬರಬೇಕು. ಒಬ್ಬನಲ್ಲೇ ಸ್ವಯಂಶಿಕ್ಷಿತ ಕೈಯೂ ಗುರುಮುಖದ ಕಿವಿಯೂ ಇರಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಪೇಟಿಯವನಿಗೂ ತನ್ನದೇ ತೊಡಕು ಇದೆ. ಜೀವಮಾನವಿಡೀ ಅವನ ಎಡಗೈ ತಿದಿ ಒತ್ತಿದೆ. ಸ್ವರದ ಉಬ್ಬು ತಗ್ಗೆಲ್ಲ ಆ ಕೈಯ ಉಸಿರು. ಕೀಬೋರ್ಡಿನ ಮುಂದೆ ಆ ಕೈಗೆ ಕೆಲಸವಿಲ್ಲ, ತೊಡೆಯ ಮೇಲೆ ಬಿದ್ದಿರುತ್ತದೆ. ಧ್ವನಿಯನ್ನು ಏರಿಸಿ ಇಳಿಸಲು ಈಗ ಬೇಕಾದದ್ದು ಬೆರಳಿನ ಹೊಡೆತದ ಬಿರುಸು ಅಥವಾ ಕಾಲಿನ ಪೆಡಲ್. ಇದನ್ನು ಅವನು ಮೊದಲಿಂದ ಕಲಿಯಬೇಕು, ಅದೂ ತನಗಿಂತ ಚಿಕ್ಕವನಿಂದ. ಅಭಿಮಾನ ಅಡ್ಡ ಬಂದರೆ ಕೀಬೋರ್ಡನ್ನು ಕರೆಂಟಿನ ಪೇಟಿಯ ಹಾಗೆ ನುಡಿಸಿ ಮನೆಗೆ ಹೋಗುತ್ತಾನೆ.

ಚರ್ಚಿನಲ್ಲಿ ಮೂರನೆಯ ಚಿತ್ರ. ನಾಲ್ಕು ಧ್ವನಿಯ ಸ್ತೋತ್ರದಲ್ಲಿ ಬಹುತೇಕ ಪ್ರತಿ ಮಾತ್ರೆಗೂ ಕಾರ್ಡ್ ಬದಲಾಗುತ್ತದೆ; ಬಾಸ್ ತನ್ನದೇ ರಾಗದಂತೆ ನಡೆಯುತ್ತದೆ, ನಡುವಿನ ಆಲ್ಟೋ ಟೆನರ್ ಧ್ವನಿಗಳು ಹೆಚ್ಚಾಗಿ ಅಕ್ಕಪಕ್ಕದ ಸ್ವರಕ್ಕೇ ಸರಿಯುತ್ತವೆ. ಕೇಳಿ ಕಲಿತವನು ಎಡಗೈಯಲ್ಲಿ ಮೂರು ಬೆರಳಿನ ಕಾರ್ಡ್ ಒತ್ತಿ, ಕೀಬೋರ್ಡಿನ ಸಿದ್ಧ ಹಿನ್ನೆಲೆಯಾದ ಸ್ಟೈಲ್ ಆನ್ ಮಾಡಿ, ಬಲಗೈಯಲ್ಲಿ ಧಾಟಿ ನುಡಿಸುತ್ತಾನೆ. ಪೂಜೆ ಸಾಗುತ್ತದೆ, ಜನ ಹಾಡುತ್ತಾರೆ, ಆದರೆ ಕ್ವಾಯರಿನ ಟೆನರ್‌ಗಳಿಗೆ ತಮ್ಮ ಸ್ವರ ಎಲ್ಲೂ ಕೇಳಿಸದೆ ಅವರೂ ಧಾಟಿಗೇ ಸೇರಿಕೊಳ್ಳುತ್ತಾರೆ. ಕೆಲವು ವರ್ಷದಲ್ಲಿ ನಾಲ್ಕು ಧ್ವನಿ ಹೋಗಿ ಒಂದೇ ಉಳಿಯುತ್ತದೆ. ಇಲ್ಲಿ ಓದು ಬಲ್ಲವರ ಬೆಲೆ ತಿಳಿಯುತ್ತದೆ. ಹಾಗೆಂದು ಪಿಯಾನೋ ಕಲಿತವಳು ನೇರವಾಗಿ ಬಂದು ಗೆಲ್ಲುವುದೂ ಇಲ್ಲ. ಆರ್ಗನ್ ಧ್ವನಿಗೆ ಪಿಯಾನೋದ ಸಸ್ಟೇನ್ ಪೆಡಲ್ ಒತ್ತಿದರೆ ಎಲ್ಲ ರಾಡಿ. ಒಂದು ಕೀಲಿಯನ್ನು ಬಿಡದೆ ಅದರ ಮೇಲೆಯೇ ಬೆರಳು ಬದಲಿಸಿ ಮುಂದಿನ ಸ್ವರಕ್ಕೆ ಕೈ ಚಾಚುವುದು ಆರ್ಗನ್ನಿನ ಬೇರೆಯೇ ಅಭ್ಯಾಸ. ನಿಧಾನವಾಗಿ ಏಳುವ ತಂತಿವಾದ್ಯದ ಧ್ವನಿಗೆ ಬೆರಳು ತಾಳಕ್ಕಿಂತ ಕೂದಲೆಳೆಯಷ್ಟು ಮುಂಚೆ ಇಳಿಯಬೇಕು. ಈ ಎರಡಕ್ಕೂ ಪಿಯಾನೋ ಪುಸ್ತಕದಲ್ಲಿ ಒತ್ತು ಕಡಿಮೆ.

ಸಿಂಥಸೈಜರಿನ ಒಳಗಿನ ಕೆಲಸ, ಅಂದರೆ ಧ್ವನಿಯನ್ನೇ ಕೆತ್ತುವ ಕೆಲಸಕ್ಕೆ ಬಂದರೆ, ಶುರುವಿನಲ್ಲಿ ಜಗತ್ತಿನಲ್ಲಿ ಯಾರಿಗೂ ಗುರುವಿರಲಿಲ್ಲ. ರಾಬರ್ಟ್ ಮೂಗ್ ತಮ್ಮ ವಾದ್ಯವನ್ನು 1964ರಲ್ಲಿ ತೋರಿಸಿದ ಮೇಲೆ ಎಲ್ಲರೂ ಒಂದೇ ಸಾಲಿನಲ್ಲಿ ನಿಂತರು. ಸಂಗೀತವನ್ನೂ ಭೌತಶಾಸ್ತ್ರವನ್ನೂ ಓದಿದ್ದ ವೆಂಡಿ ಕಾರ್ಲೋಸ್ 1968ರಲ್ಲಿ ಬಾಖ್‌ನನ್ನು ಅದರಲ್ಲಿ ನುಡಿಸಿದರು. ‘ಚಾರಿಯಟ್ಸ್ ಆಫ್ ಫೈರ್’ಗೆ ಆಸ್ಕರ್ ಪಡೆದ ಗ್ರೀಸಿನ ವಾಂಗೆಲಿಸ್‌ಗೆ ಸ್ವರಲಿಪಿ ಓದಲೇ ಬರುತ್ತಿರಲಿಲ್ಲ. ಜೂಲಿಯಾರ್ಡ್‌ನಲ್ಲಿ ಪಿಯಾನೋ ಕಲಿತ ಜಾರ್ಡನ್ ರೂಡೆಸ್ ಅದನ್ನು ಬಿಟ್ಟು ಸಿಂಥಸೈಜರ್ ಹಿಡಿದರು. ನಮ್ಮಲ್ಲೇ, ಮುಂಬಯಿ ಚಿತ್ರರಂಗದ ವಾದಕ ಚರಣ್‌ಜಿತ್ ಸಿಂಗ್ ರೋಲ್ಯಾಂಡಿನ ಜುಪಿಟರ್-8, ಟಿಬಿ-303, ಟಿಆರ್-808 ಮೂರನ್ನೂ ಜೋಡಿಸಿ 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೋ ಲಯದಲ್ಲಿ ರೆಕಾರ್ಡ್ ಮಾಡಿದರು. ಆಗ ಕೇಳಿದವರು ಕಡಿಮೆ. 2010ರಲ್ಲಿ ಮರುಮುದ್ರಣವಾದಾಗ, ಶಿಕಾಗೋದಲ್ಲಿ ಕೆಲವು ವರ್ಷ ತಡವಾಗಿ ಹುಟ್ಟಿದ ಆಸಿಡ್ ಹೌಸ್ ಸಂಗೀತದ ಸದ್ದು ಇದರಲ್ಲಿ ಮೊದಲೇ ಇದೆ ಎಂದು ಲೋಕ ಬೆರಗಾಯಿತು. ಆ ಯಂತ್ರಗಳನ್ನು ಅವರಿಗೆ ಕಲಿಸಿದವರಿಲ್ಲ. ರಾಗ ಕೆಟ್ಟರೆ ಗುರುತಿಸುವ ಕಿವಿಯನ್ನು ಮಾತ್ರ ಅವರು ಮೊದಲೇ ಸಂಪಾದಿಸಿಕೊಂಡು ಬಂದಿದ್ದರು.

ಇಲ್ಲಿಗೆ ನನ್ನ ಎರಡನೆಯ ಮಾತು. ಇಷ್ಟೆಲ್ಲ ಉದಾಹರಣೆಗಳಲ್ಲಿ ಗೆದ್ದವರನ್ನು ಸೋತವರಿಂದ ಬೇರೆ ಮಾಡುವುದು ಗುರು ಇದ್ದನೋ ಇಲ್ಲವೋ ಎಂಬುದಲ್ಲ. ಆರ್ಕೆಸ್ಟ್ರಾದ ಹುಡುಗನಿಗೆ ಪಟ್ಟಿ ಬದಲಿಸುವುದು ಸಿದ್ಧಿಸಿದ್ದು ಯಾಕೆ? ತಪ್ಪಿದರೆ ಗಾಯಕಿ ಅಲ್ಲೇ ತಿರುಗಿ ನೋಡುತ್ತಾಳೆ, ಮುಂದಿನ ಕಾರ್ಯಕ್ರಮಕ್ಕೆ ಬೇರೆಯವರನ್ನು ಕರೆಯುತ್ತಾಳೆ. ಅವನ ಎಡಗೈ ಕಾರ್ಡುಗಳು ಯಾಕೆ ಬಡಕಲಾಗಿಯೇ ಉಳಿದವು? ರಸಮಂಜರಿಯ ಜನಕ್ಕೆ ಅದು ಕೇಳಿಸುವುದಿಲ್ಲ, ಹಾಗಾಗಿ ಯಾರೂ ತಿದ್ದಲಿಲ್ಲ. ಪೇಟಿಯವನ ಗಾಂಧಾರ ಸೂಕ್ಷ್ಮವಾದದ್ದು ಗುರು ಅಲ್ಲಲ್ಲೇ ತಡೆದದ್ದರಿಂದ. ಅವನ ಎಡಗೈ ಸೋಮಾರಿಯಾದದ್ದು ಗುರುವಿಗೇ ಅದರ ಗೊಡವೆ ಇಲ್ಲದ್ದರಿಂದ. ಕಿವಿ ಎಲ್ಲಿ ಕಟುವಾಗಿದೆಯೋ ಅಲ್ಲಿ ಕೈ ಹರಿತವಾಗುತ್ತದೆ. ಅದು ಗುರುವಿನ ಕಿವಿಯೇ ಆಗಬೇಕೆಂದಿಲ್ಲ. ಗಾಯಕಿಯದು, ಪಖವಾಜಿನವನದು, ಕ್ವಾಯರ್ ಮಾಸ್ತರನದು, ಭಜನಾ ಸ್ಪರ್ಧೆಯ ತೀರ್ಪುಗಾರನದು, ಕೊನೆಗೆ ತನ್ನದೇ ಆದರೂ ನಡೆಯುತ್ತದೆ.

ಇದಕ್ಕೆ ನಮ್ಮ ಮಣ್ಣಿನ ದೊಡ್ಡ ದೃಷ್ಟಾಂತ ಕೀಬೋರ್ಡಿನದಲ್ಲ, ಕಂಠದ್ದು. ಬೆಳಗಾವಿ ಪಕ್ಕದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ ಎಳವೆಯಲ್ಲೇ ಗ್ರಾಮಾಫೋನ್ ತಟ್ಟೆಗಳಲ್ಲಿ ಕೇಳಿದ ಉಸ್ತಾದರ ಗಾಯನವನ್ನು ಅಚ್ಚು ಹೊಡೆದ ಹಾಗೆ ಹಾಡುತ್ತಿದ್ದ. ಊರೂರುಗಳಲ್ಲಿ ಕಛೇರಿ ನಡೆಯಿತು, ಕುಮಾರ ಗಂಧರ್ವ ಎಂಬ ಹೆಸರೂ ಬಂತು. ಕೇಳಿ ಕಲಿಯುವುದರ ಪರಮಾವಧಿ ಅದು. ಅಲ್ಲಿಗೇ ಬಿಟ್ಟಿದ್ದರೆ ಅದ್ಭುತ ಅನುಕರಣೆಯಾಗಿ ಮುಗಿಯುತ್ತಿತ್ತೋ ಏನೋ. ಹನ್ನೊಂದರ ಆಸುಪಾಸಿನಲ್ಲಿ ಹುಡುಗನನ್ನು ಮುಂಬಯಿಯ ಬಿ. ಆರ್. ದೇವಧರ್ ಅವರಲ್ಲಿಗೆ ಕಳಿಸಿದರು. ದೇವಧರ್ ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರು, ಪಾಶ್ಚಾತ್ಯ ಸಂಗೀತವನ್ನೂ ಅಭ್ಯಾಸ ಮಾಡಿದವರು, ಒಂದೇ ಘರಾಣೆಗೆ ಕಟ್ಟುಬೀಳದವರು. ಅಲ್ಲಿ ಹುಡುಗನ ಕೇಳ್ಮೆಗೆ ಪ್ರಶ್ನೆ ಕೇಳುವವರು ಸಿಕ್ಕರು. ಮುಂದೆ ಬಂದ ಕುಮಾರ ಗಂಧರ್ವರಲ್ಲಿ ಸ್ವಂತದ್ದೆಷ್ಟು, ಶಿಕ್ಷಣದ್ದೆಷ್ಟು ಎಂದು ಬಿಡಿಸಲು ಹೋಗುವುದೇ ಹುಚ್ಚು.

ಇಳಯರಾಜ ಅವರದೂ ಎ. ಆರ್. ರೆಹಮಾನ್ ಅವರದೂ ಇದೇ ಕ್ರಮ. ಒಬ್ಬರು ಅಣ್ಣನ ತಂಡದಲ್ಲಿ ಊರೂರು ಅಲೆದು ಪಳಗಿದವರು, ಇನ್ನೊಬ್ಬರು ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡು ಕೀಬೋರ್ಡ್ ನುಡಿಸಿ ಸಂಸಾರಕ್ಕೆ ನೆರವಾದವರು. ಇಬ್ಬರೂ ಮದರಾಸಿನ ಮಾಸ್ಟರ್ ಧನರಾಜ್ ಅವರಲ್ಲಿ ಪಾಶ್ಚಾತ್ಯ ಪದ್ಧತಿಯನ್ನು ಕಲಿತರು, ಟ್ರಿನಿಟಿಯ ಪರೀಕ್ಷೆ ಮುಗಿಸಿದರು. ದುಡಿಮೆ ಅವರಿಗೆ ತಮಗೇನು ಬಾರದು ಎಂದು ತೋರಿಸಿತು, ಓದು ಅದನ್ನು ತುಂಬಿತು. ಹಸಿವಿದ್ದು ಉಂಡ ಅನ್ನ ಮೈಗೆ ಹತ್ತುವ ಹಾಗೆ ಆ ವಿದ್ಯೆ ಹತ್ತಿತು.

ಎದುರುವಾದ ಇಲ್ಲದಿಲ್ಲ. ಶಿಕ್ಷಣ ಸ್ವಂತಿಕೆಯನ್ನು ಕೊಲ್ಲುತ್ತದೆ, ತಾವಾಗಿ ಕಲಿತವರೇ ಹೊಸದನ್ನು ಮಾಡುವವರು ಎಂದು ಕೆಲವರು ಹೇಳುತ್ತಾರೆ. ವಾಂಗೆಲಿಸ್ ಹೆಸರು ಹೇಳಿ ಬಾಯಿ ಮುಚ್ಚಿಸುವುದೂ ಉಂಟು. ಆದರೆ ಒಬ್ಬ ವಾಂಗೆಲಿಸ್‌ಗೆ, ಅದೇ ನಾಲ್ಕು ಕಾರ್ಡುಗಳಲ್ಲಿ ಇಪ್ಪತ್ತು ವರ್ಷ ಕಳೆದವರು ಎಷ್ಟು ಮಂದಿ? ತಾವಾಗಿ ಕಲಿತವರ ರೂಢಿಯೂ ಗುರು ಹೇಳಿಕೊಟ್ಟ ರೂಢಿಯಷ್ಟೇ ಬಿಗಿ. ವ್ಯತ್ಯಾಸವೆಂದರೆ ಗುರುವಿನ ರೂಢಿಗೆ ಹೆಸರಿರುತ್ತದೆ, ಆದ್ದರಿಂದ ಅದನ್ನು ಮುರಿಯಬಹುದು. ತನ್ನ ರೂಢಿಗೆ ಹೆಸರೇ ಇಲ್ಲದ್ದರಿಂದ ಅದು ತನ್ನ ಸ್ವಭಾವವೆಂದೇ ತೋರುತ್ತದೆ.

ಇನ್ನೊಂದು ಎದುರುವಾದ ಹೆಚ್ಚು ತೂಕದ್ದು. ತಿದ್ದುವವರನ್ನು ಹುಡುಕು ಎನ್ನುವುದು ಸುಲಭ, ಸಿಗಬೇಕಲ್ಲ? ಖಾನಾಪುರದ ಕಾಡಂಚಿನ ವಾಡಿಯ ಹುಡುಗನಿಗೆ ಬೆಳಗಾವಿಯ ಕ್ಲಾಸೆಂದರೆ ಬಸ್ಸು, ಫೀಸು, ಒಂದು ದಿನದ ಕೂಲಿ. ಗುರುಮನೆಯ ಬಾಗಿಲು ಎಲ್ಲ ಜಾತಿಯವರಿಗೂ, ಹೆಣ್ಣುಮಕ್ಕಳಿಗೂ, ಎಲ್ಲ ಭಾಷೆಯವರಿಗೂ ಒಂದೇ ಸಮನಾಗಿ ತೆರೆದಿತ್ತು ಎಂದು ಎದೆ ತಟ್ಟಿ ಹೇಳುವ ಹಾಗೂ ಇಲ್ಲ. ‘ತಾನಾಗಿ ಕಲಿತೆ’ ಎನ್ನುವ ಹೆಮ್ಮೆಯ ಹಿಂದೆ ಎಷ್ಟೋ ಸಲ ‘ಕಲಿಸುವವರು ಕರೆಯಲಿಲ್ಲ’ ಎಂಬ ಸತ್ಯವಿರುತ್ತದೆ. ಈ ಕೊರತೆಯನ್ನು ಯೂಟ್ಯೂಬ್ ತುಂಬಿದೆ ಎನ್ನುವವರಿದ್ದಾರೆ. ಅರ್ಧ ನಿಜ. ಪರದೆಯ ಮೇಲಿಂದ ಬಣ್ಣದ ಪಟ್ಟಿಗಳು ಕೀಲಿಗಳ ಮೇಲೆ ಬೀಳುವ ವಿಡಿಯೋ ನೋಡಿ ಹುಡುಗರು ಕಷ್ಟದ ಬಿಟ್‌ಗಳನ್ನೂ ನುಡಿಸುತ್ತಾರೆ. ಆದರೆ ಆ ವಿಡಿಯೋ ಹೇಳುತ್ತದೆಯೇ ಹೊರತು ಕೇಳುವುದಿಲ್ಲ. ಹುಡುಗ ತಪ್ಪಿದರೂ ಅದು ಮುಂದೆ ಓಡುತ್ತದೆ. ಕಣ್ಣಿನಿಂದ ಬೆರಳಿಗೆ ಹೋದ ಪಾಠ ಕಿವಿಯನ್ನು ಬಳಸಿಕೊಂಡೇ ಇರುವುದಿಲ್ಲ. ರೇಡಿಯೋದಿಂದ ಹಾಡು ಎತ್ತಿದ ಹಿಂದಿನ ತಲೆಮಾರಿನ ‘ಸ್ವಯಂಶಿಕ್ಷಿತ’ನಿಗೂ ಇವತ್ತಿನವನಿಗೂ ಇರುವ ದೊಡ್ಡ ಅಂತರ ಇದು: ಅವನ ಬಳಿ ಕಿವಿ ಬಿಟ್ಟರೆ ಬೇರೆ ದಾರಿಯೇ ಇರಲಿಲ್ಲ. ಪರೀಕ್ಷೆಗೆ ಬೇಕಾದಷ್ಟನ್ನೇ ಬಾಯಿಪಾಠ ಮಾಡಿಸುವ ಕ್ಲಾಸುಗಳೂ ಇದೇ ದೋಷದವು. ಹೊರಗಿಂದ ಎದುರುಬದುರಾಗಿ ಕಾಣುವ ಇವೆರಡೂ ಒಳಗೆ ಒಂದೇ. ಎರಡರಲ್ಲೂ ವಿದ್ಯಾರ್ಥಿಯ ಕಿವಿಗೆ ಕೆಲಸವಿಲ್ಲ.

ಹಾಗಾದರೆ ಏನು ಮಾಡಬಹುದು? ಸಂಗೀತ ಶಾಲೆಗಳು ಪರೀಕ್ಷೆಯಲ್ಲಿ ಒಂದು ಅಂಶ ಸೇರಿಸಬಹುದು: ವಿದ್ಯಾರ್ಥಿ ಹಿಂದೆ ಕೇಳದ ಗಾಯಕನಿಗೆ, ಅವನು ಹೇಳಿದ ಪಟ್ಟಿಯಲ್ಲಿ, ಅಲ್ಲೇ ಸಾಥ್ ಮಾಡಬೇಕು. ಟ್ರಾನ್ಸ್‌ಪೋಸ್ ಬಟನ್ ಮುಟ್ಟುವ ಹಾಗಿಲ್ಲ. ಆರ್ಕೆಸ್ಟ್ರಾಗಳ ಹುಡುಗರಿಗೆ ಶಾಲೆಗಳು ಬಾಗಿಲು ತೆರೆಯಬೇಕು. ಸರಿಗಮದಿಂದ ಮತ್ತೆ ಶುರು ಮಾಡಿಸುವ ಅವಮಾನಕ್ಕಲ್ಲ, ಅವರಿಗೆ ಬಾರದ್ದನ್ನು ಮಾತ್ರ ಕಲಿಸುವುದಕ್ಕೆ. ನಾಲ್ಕು ಧ್ವನಿಯ ಹೆಣಿಗೆ, ಲಿಪಿ ಓದುವುದು, ಶ್ರುತಿ ಹೊಂದಿಸುವುದು, ಎಡಗೈ. ಖಾನಾಪುರದಲ್ಲಿ ಇದಕ್ಕೆ ಹೊರಗಿನವರೂ ಬೇಕಿಲ್ಲ. ಕ್ವಾಯರಿನಲ್ಲಿ ಹಾಳೆ ಓದುವವಳಿಗೆ ಠೇಕಾ ಹಿಡಿಯಲು ಬಾರದು. ವಿಠ್ಠಲನ ಗುಡಿಯ ಭಜನೆಯವನಿಗೆ ಹಾಳೆ ಓದಲು ಬಾರದು. ಒಬ್ಬರ ಕೊರತೆಗೆ ಇನ್ನೊಬ್ಬರ ಕಿವಿ ಮದ್ದು. ಹಾಗೆಯೇ, ಗಾಯಕರ ಹೆಸರನ್ನು ದೊಡ್ಡದಾಗಿ ಹಾಕುವ ರಸಮಂಜರಿಯ ಬ್ಯಾನರಿನಲ್ಲಿ ಕೀಬೋರ್ಡಿನವನ ಹೆಸರನ್ನೂ ಹಾಕಲಿ. ಹೆಸರಿದ್ದಲ್ಲಿ ಹೊಣೆ ಬರುತ್ತದೆ, ಹೊಣೆ ಬಂದಲ್ಲಿ ತಪ್ಪು ಕೇಳಿಸತೊಡಗುತ್ತದೆ.

ಮಕ್ಕಳನ್ನು ಕಲಿಯಲು ಹಾಕುವವರಿಗೂ, ತಂಡಕ್ಕೆ ವಾದಕನನ್ನು ಆರಿಸುವವರಿಗೂ ಒಂದು ಸರಳ ಪರೀಕ್ಷೆ ಸಾಕು. ಎಲ್ಲಿ ಕಲಿತೆ, ಯಾವ ಗ್ರೇಡ್ ಎಂದು ಕೇಳುವ ಮುಂಚೆ ಒಂದು ಹಾಡು ನುಡಿಸಲು ಹೇಳಿ. ನಡುವೆ ನಿಲ್ಲಿಸಿ, ಒಂದು ತಪ್ಪು ತೋರಿಸಿ, ಮತ್ತೆ ನುಡಿಸಲು ಹೇಳಿ. ಮೊದಲ ಸಲದ ವಾದನದಲ್ಲಿ ಅವನು ಇಲ್ಲಿಯವರೆಗೆ ಏನು ಕಲಿತಿದ್ದಾನೆ ಎಂಬುದಷ್ಟೇ ಗೊತ್ತಾಗುತ್ತದೆ. ಇನ್ನು ಮುಂದೆ ಕಲಿಯುತ್ತಾನೋ ಇಲ್ಲವೋ ಎಂಬುದು ಗೊತ್ತಾಗುವುದು ಎರಡನೆಯ ಸಲ.